ಕೊನೆಯ ಪೀರಿಯಡ್ಡಿನ ಜಗಳಗಂಟಿ

ವರ್ಷದ ನಡುವೆ ನಾಲ್ಕನೇ ತರಗತಿಗೆ ಬಂದು ಸೇರಿದ ಆ ಹುಡುಗಿಗೆ ಮಕ್ಕಳು ಒಂದೇ ವಾರದಲ್ಲಿ ಚೇಳು ಎಂದು ಹೆಸರಿಟ್ಟರು. ಮೊದಲ ದಿನ ಒಬ್ಬಳ ಜಡೆ ಎಳೆದಳು, ಮೂರನೇ ದಿನ ಒಬ್ಬನ ತೋಳು ಕಚ್ಚಿದಳು. ಆ ಶಾಲೆಯಲ್ಲಿ ಬೆಲ್ ಹೊಡೆದು, ನೀರಿನ ಡ್ರಮ್ ತುಂಬಿಸಿ, ಗೇಟು ಕಾಯುತ್ತಾ ಇಪ್ಪತ್ತೆರಡು ವರ್ಷ ಕಳೆದವಳು ನಾನು. ಮಕ್ಕಳ ಜಗಳ ನನಗೆ ಹೊಸದಲ್ಲ. ಆದರೆ ಜಗಳವಾದ ಮೇಲೆ ಇವಳ ಮುಖ ಗೆದ್ದವಳ ಹಾಗೂ ಇರುತ್ತಿರಲಿಲ್ಲ, ಸೋತವಳ ಹಾಗೂ ಇರುತ್ತಿರಲಿಲ್ಲ.

ಅವಳ ಅಪ್ಪ ಅಮ್ಮ ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಕೆಲಸಕ್ಕೆ ಹೋದವರು ಸಂಜೆ ಬರಲಿಲ್ಲ. ಮಗು ಪಕ್ಕದ ಮನೆಯ ಮೆಟ್ಟಿಲ ಮೇಲೆ ಚೀಲ ಹಿಡಿದು ಕತ್ತಲಾಗುವವರೆಗೂ ಕೂತಿತ್ತಂತೆ. ಆಮೇಲೆ ಸಾಕಲು ಕರೆತಂದವಳು ಸೋದರತ್ತೆ. ಮದುವೆಯಾಗದ ಹೆಂಗಸು, ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಮೊಣಕೈವರೆಗೂ ಸುಟ್ಟ ಗೆರೆಗಳು.

ನಮ್ಮ ಶಾಲೆಯಲ್ಲಿ ಒಂದು ನಿಯಮವಿತ್ತು. ಹೊಡೆದ, ಕಚ್ಚಿದ ಮಗುವನ್ನು ಸಂಜೆ ಒಂಟಿಯಾಗಿ ಬಿಡುವಂತಿಲ್ಲ. ಮನೆಯವರೇ ಬಂದು, ದೂರಿನ ಪುಸ್ತಕದಲ್ಲಿ ಸಹಿ ಹಾಕಿ ಕರೆದುಕೊಂಡು ಹೋಗಬೇಕು. ಹಾಗಾಗಿ ಅತ್ತೆ ವಾರಕ್ಕೆ ಮೂರು ಸಲ ಕೆಲಸ ಬಿಟ್ಟು, ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದಳು. ಇನ್ನೊಂದು ಸಲ ಹೀಗೆ ಮಧ್ಯದಲ್ಲಿ ಎದ್ದು ಹೋದರೆ ಮತ್ತೆ ಬರಲೇಬೇಡ ಎಂದು ಅವಳ ಮೇಸ್ತ್ರಿ ಹೇಳಿಯಾಗಿತ್ತು.

ಒಂದು ಸೋಮವಾರ ಸಂಜೆ, ಲಾಂಡ್ರಿ ಕೆಲಸ ಮುಗಿದ ಮೇಲೆ, ಹೆಡ್ ಮೇಷ್ಟ್ರು ಅತ್ತೆಯನ್ನು ಕರೆಸಿ ಮೇಜಿನ ಮೇಲೆ ಒಂದು ಫಾರಂ ಇಟ್ಟರು. ಊರಾಚೆಯ ಅನಾಥ ಮಕ್ಕಳ ಹಾಸ್ಟೆಲಿನದು.

"ನನ್ನ ಸಹಿ ಆಗಿದೆ. ನಿಂದೊಂದು ಹಾಕಮ್ಮ. ಅಲ್ಲಾದ್ರೆ ಶಿಸ್ತು ಕಲೀತಾಳೆ."

ಅತ್ತೆ ಪೆನ್ನು ಹಿಡಿದಳು, ಬರೆಯಲಿಲ್ಲ. "ಸರ್, ದಿನಾ ಬೆಳಿಗ್ಗೆ ಕೈ ಮುಗಿದು ಹೇಳ್ತೀನಿ. ಇವತ್ತು ಜಾಣೆಯಾಗಿರೇ, ನಾನು ಸ್ಕೂಲಿಗೆ ಬರೋ ಹಾಗೆ ಮಾಡಬೇಡ ಅಂತ. ಗೋಡೆಗೆ ಹೇಳಿದ ಹಾಗೆ."

ನೀರಿನ ಲೋಟ ಇಡಲು ಹೋಗಿದ್ದ ನಾನು ನಡುವೆ ಬಾಯಿ ಹಾಕಿದೆ.

"ಸರ್, ಆ ದೂರಿನ ಪುಸ್ತಕ ಸ್ವಲ್ಪ ತೆಗೀರಿ. ಬೆಳಿಗ್ಗೆ ಹೊತ್ತು ಇವಳು ಯಾರಿಗಾದ್ರೂ ಹೊಡೆದಿದ್ದಾಳಾ ನೋಡಿ."

"ನಿಮಗ್ಯಾಕೆ ಆಯಮ್ಮ ಈ ಉಸಾಬರಿ?" ಎಂದರು ಪಕ್ಕದಲ್ಲಿದ್ದ ಕ್ಲಾಸ್ ಟೀಚರ್.

ಹೆಡ್ ಮೇಷ್ಟ್ರು ಪುಟ ತಿರುವಿದರು. ಹನ್ನೊಂದು ದೂರು. ಹನ್ನೊಂದೂ ಕೊನೆಯ ಪೀರಿಯಡ್ಡಿನವು.

"ಹೊಡೆದ ಮೇಲೆ ಗೇಟಿನ ಹತ್ರ ಬಂದು ನನ್ನನ್ನ ಒಂದೇ ಮಾತು ಕೇಳ್ತಾಳೆ, ಅತ್ತೆಗೆ ಫೋನ್ ಮಾಡಿದ್ರಾ, ಬರ್ತೀನಿ ಅಂದ್ರಾ, ಅಂತ. ಹೂಂ ಅಂದ್ರೆ ಸುಮ್ಮನೆ ಕೂತ್ಕೋತಾಳೆ. ಒಂದು ದಿನ ಫೋನ್ ಸಿಗ್ಲಿಲ್ಲ, ವಾಪಸ್ ಹೋಗಿ ಇನ್ನೊಬ್ಬನಿಗೆ ಹೊಡೆದು ಬಂದ್ಲು. ಜಾಣ ಮಕ್ಕಳು ಒಬ್ಬೊಬ್ಬರೇ ಹೋಗ್ತಾರೆ ಸರ್. ಹೊಡೆದೋರನ್ನ ಕರ್ಕೊಂಡು ಹೋಗೋಕೆ ಮನೆಯೋರು ಬರ್ತಾರೆ. ರೂಲ್ಸ್ ಮಾಡಿದೋರು ನಾವೇ."

ಅತ್ತೆ ಪೆನ್ನು ಕೆಳಗಿಟ್ಟಳು. ಆಮೇಲೆ ಅವಳು, "ಜಗಳ ಆಡ್ಲಿ ಬಿಡ್ಲಿ, ಕೆಲಸ ಮುಗಿಸಿ ದಿನಾ ಐದೂಕಾಲಿಗೆ ನಾನೇ ಬರ್ತೀನಿ. ಅಲ್ಲೀವರೆಗೂ..." ಎಂದು ನನ್ನ ಕಡೆ ನೋಡಿದಳು.

"ಅಲ್ಲೀವರೆಗೂ ನನ್ನ ಜೊತೆ ಇರ್ಲಿ," ಎಂದೆ.

"ಶುಕ್ರವಾರದವರೆಗೆ ನೋಡ್ತೀನಿ," ಎಂದರು ಹೆಡ್ ಮೇಷ್ಟ್ರು. "ಒಂದೇ ಒಂದು ದೂರು ಬಂದ್ರೂ ಫಾರಂ ಹೋಗುತ್ತೆ."

ಮಂಗಳವಾರ, ಬುಧವಾರ, ಗುರುವಾರ ಹುಡುಗಿ ನನ್ನ ಬೆಂಚಿನ ಮೇಲೆ ಉಗುರು ಕಚ್ಚುತ್ತಾ ಕೂತಳು. ಅತ್ತೆ ಹೇಳಿದ ಹೊತ್ತಿಗೆ ಬಂದಳು. ಶುಕ್ರವಾರ ಐದೂಕಾಲಾಯಿತು, ಐದೂವರೆಯಾಯಿತು. ಗೇಟಿನಲ್ಲಿ ಯಾರೂ ಇಲ್ಲ. ಲಾಂಡ್ರಿಯ ಫೋನು ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ.

ಅಂಗಳದಲ್ಲಿ ಉಳಿದಿದ್ದ ಇನ್ನೊಂದು ಮಗು ಎಂದರೆ ಕ್ಲಾಸ್ ಟೀಚರ ಸ್ವಂತ ಮಗ, ಒಂದನೇ ತರಗತಿ. ಅಮ್ಮನಿಗಾಗಿ ಕಾಯುತ್ತಾ ಬಾಟಲಿಯ ಮುಚ್ಚಳ ಉರುಳಿಸುತ್ತಿದ್ದ. ನಮ್ಮ ಹುಡುಗಿ ಎದ್ದು ನೆಟ್ಟಗೆ ಹೋಗಿ ಅವನ ಚೀಲದ ಪಟ್ಟಿ ಹಿಡಿದಳು. ಕಿಟಕಿಯಲ್ಲಿ ಟೀಚರ್ ಎದ್ದು ನಿಂತರು. ಅವರ ಹಿಂದೆ ಹೆಡ್ ಮೇಷ್ಟ್ರು.

ಓಡಿ ಹೋಗಿ ಹಿಡಿಯಬಹುದಿತ್ತು. ಹಿಡಿದರೆ ಹೊಡೆದೇ ಹೊಡೆಯುತ್ತಾಳೆಂದು ನಿಧಾನವಾಗಿ ನಡೆದೆ.

"ಬರ್ತಾಳೆ," ಎಂದೆ.

"ಬರ್ದಿದ್ರೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಯಾಕೆ ಲೇಟಾಯ್ತೋ ನಂಗೂ ಗೊತ್ತಿಲ್ಲ ಮಗಾ. ಆದ್ರೆ ಅವಳು ಬರೋವರೆಗೂ ನಾನು ಗೇಟಿಗೆ ಬೀಗ ಹಾಕಲ್ಲ, ಮನೆಗೂ ಹೋಗಲ್ಲ."

ಅವಳ ಬೆರಳುಗಳು ಬೆಳ್ಳಗಾಗಿದ್ದವು. ಪುಟ್ಟವನು ಅಳುವುದೋ ಬೇಡವೋ ಎಂದು ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ, "ಅಕ್ಕಾ, ನಮ್ಮಮ್ಮನೂ ಯಾವಾಗ್ಲೂ ಲೇಟೇ," ಎಂದ. ಅವಳು ಪಟ್ಟಿ ಬಿಡಲೂ ಇಲ್ಲ, ಎಳೆಯಲೂ ಇಲ್ಲ. ಹಾಗೇ ಇಬ್ಬರೂ ನಿಂತರು.

ಆರಕ್ಕೆ ಹತ್ತು ನಿಮಿಷ ಇರುವಾಗ ಅತ್ತೆ ಓಡಿ ಬಂದಳು. ಮೈಯೆಲ್ಲಾ ಬೆವರು. ಇಸ್ತ್ರಿ ಮೆಷೀನಿನಲ್ಲಿ ಬಟ್ಟೆ ಸಿಕ್ಕಿಕೊಂಡಿತ್ತಂತೆ. ಹುಡುಗಿ ಪಟ್ಟಿ ಬಿಟ್ಟು ಹೋಗಿ ಎರಡೂ ಮುಷ್ಟಿಯಿಂದ ಅತ್ತೆಯ ಹೊಟ್ಟೆಗೆ ಗುದ್ದಿದಳು. "ಯಾಕೆ ಲೇಟು? ಯಾಕೆ ಲೇಟು?" ಸೇರಿದಂದಿನಿಂದ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹೊಡಿ," ಎಂದಳು ಅತ್ತೆ, ಅವಳನ್ನು ಹಾಗೇ ಹಿಡಿದುಕೊಂಡು. "ಲೇಟಾಯ್ತು ಕಣೇ. ಬಂದೆ ತಾನೆ."

ಹೆಡ್ ಮೇಷ್ಟ್ರು ಹೊರಗೆ ಬಂದು ಟೀಚರ್ ಕಡೆ ತಿರುಗಿದರು. "ಇದನ್ನ ಪುಸ್ತಕದಲ್ಲಿ ಬರೀತೀರಾ?"

ಟೀಚರ್ ಮಗನ ಚೀಲ ಸರಿ ಮಾಡುತ್ತಾ, "ಹೊಡೆದಿದ್ದು ಅವರತ್ತೆಗೆ ಸರ್," ಎಂದರು. "ಅದು ಅವರ ಮನೆ ವಿಷಯ."