ಮೂರು ಕೂಗಿಗೂ ಓಗೊಟ್ಟವನು

ವಕೀಲರು ಬೆನ್ನ ಹಿಂದೆ ನಮ್ಮ ನ್ಯಾಯಾಧೀಶರನ್ನು ಕಣ್ಣಾಮುಚ್ಚಾಲೆ ಸಾಹೇಬರು ಎನ್ನುತ್ತಿದ್ದರು. ಸಾಕ್ಷಿ ಮಾತಾಡುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆ ಹೊಡೆಯುತ್ತಿದ್ದಾರೆಂದು ನಂಬಿ ಯಾರಾದರೂ ಮಾತು ತಿರುಚಿದರೋ, "ಆಗಲೇ ಬಾಗಿಲು ಹಾಕಿತ್ತು ಅಂದ್ರಿ, ಈಗ ತೆಗೆದಿತ್ತು ಅಂತೀರಿ. ಮಧ್ಯೆ ಬಂದು ತೆಗೆದ ಪುಣ್ಯಾತ್ಮ ಯಾರು?" ಎಂದು ಕಣ್ಣು ತೆರೆಯದೆಯೇ ಕೇಳುತ್ತಿದ್ದರು.

ನಾನು ಅವರ ಬೆರಳಚ್ಚುಗಾರ್ತಿ. ಅವರು ಮೂವತ್ತೆರಡು ವರ್ಷ ವಯಸ್ಸಿನ ಹೊಸ ನ್ಯಾಯಾಧೀಶರಾಗಿ ನಮ್ಮ ಕೋರ್ಟಿಗೆ ಬಂದ ತಿಂಗಳೇ ನಾನೂ ಕೆಲಸಕ್ಕೆ ಸೇರಿದ್ದೆ. ಅವರು ಕೊಟ್ಟ ಮೊದಲ ತೀರ್ಪು ಒಬ್ಬ ಬೈಂಡರನದು. ಪುಸ್ತಕಗಳಿಗೆ ರಟ್ಟು ಕಟ್ಟುವ ಆತ, ಅಂಟು ತರುತ್ತೇನೆಂದು ಮನೆಯಿಂದ ಹೋದವನು ಏಳು ವರ್ಷವಾದರೂ ಬಂದಿರಲಿಲ್ಲ. ಅಷ್ಟು ಕಾಲ ಸುಳಿವಿಲ್ಲದವನನ್ನು ಸತ್ತನೆಂದು ಘೋಷಿಸಲು ಕಾನೂನಿನಲ್ಲಿ ಅವಕಾಶವಿದೆ. ಅರ್ಜಿ ಹಾಕಿದ್ದವಳು ಅವನ ಹೆಂಡತಿ, ಬಟ್ಟೆ ಹೊಲಿಯುವವಳು. ಜವಾನ ವರಾಂಡದಲ್ಲಿ ಬೈಂಡರನ ಹೆಸರನ್ನು ಮೂರು ಸಲ ಕೂಗಿದ. ಯಾರೂ ಬರಲಿಲ್ಲ. ಸಾಹೇಬರು ಸಹಿ ಹಾಕಿ, ಗಡಿಯಾರ ನೋಡಿ, ತಮ್ಮ ದಿನಚರಿಯಲ್ಲಿ 'ಹನ್ನೊಂದು ನಲವತ್ತು' ಎಂದು ಬರೆದುಕೊಂಡರು.

"ಒಬ್ಬ ಸತ್ತ ಅನ್ನೋಕೆ ನಾಲ್ಕೇ ಪುಟ ಸಾಕಾಯ್ತಲ್ಲಮ್ಮ," ಎಂದರು ನನಗೆ.

ಆಮೇಲೆ ಅವರಿಗೆ ವರ್ಗದ ಮೇಲೆ ವರ್ಗ. ಆರು ಊರು ಸುತ್ತಿದರು. ಅವರ ತೀರ್ಪುಗಳು ಮೇಲಿನ ಕೋರ್ಟಿನಲ್ಲಿ ಬಿದ್ದುಹೋದದ್ದು ಬಹಳ ಕಡಿಮೆ. ಇಪ್ಪತ್ತಾರು ವರ್ಷಗಳ ನಂತರ ನಮ್ಮಲ್ಲಿಗೇ ಹಿರಿಯ ನ್ಯಾಯಾಧೀಶರಾಗಿ ಮರಳಿದಾಗ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೇಲಿನ ಕೋರ್ಟಿಗೆ ಅವರ ಹೆಸರು ಹೋಗಿದೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ಒಂದು ಮಂಗಳವಾರ ಊಟದ ಬಿಡುವಿನಲ್ಲಿ ತಮ್ಮ ಕೋಣೆಯಿಂದ ನನ್ನನ್ನು ಕರೆದರು.

"ಈಗ ಹೊರಗೆ ಹೋದವನು ಯಾರಮ್ಮ?"

"ಯಾರೂ ಬಂದಿಲ್ಲ ಸರ್. ನಾನು ಬಾಗಿಲ ಹತ್ರಾನೇ ಇದ್ದೆ."

"ಕಂದು ಕೋಟು. ಬೆರಳಿನ ತುಂಬ ಒಣಗಿದ ಅಂಟು."

ಜವಾನನನ್ನು ಕೇಳಿದೆವು. ಅವನೂ ಯಾರನ್ನೂ ಕಂಡಿರಲಿಲ್ಲ. ಮುಂದಿನ ಮಂಗಳವಾರವೂ ಹಾಗೇ ಆಯಿತು. ಮೂರನೆಯ ವಾರ ಸಾಹೇಬರು ಬಂದವನನ್ನು ಕೂರಿಸಿ ಮಾತಾಡಿಸಿದರಂತೆ. ಆತ ಹೇಳಿದ್ದನ್ನು ನನ್ನ ಮುಂದೆ ಒಂದಕ್ಷರ ಬಿಡದೆ ಒಪ್ಪಿಸಿದರು.

"ನೀವು ಸಹಿ ಹಾಕಿದ ದಿನ ನಾನು ಮನೆಗೆ ವಾಪಸ್ ಬರ್ತಾ ಇದ್ದೆ ಸರ್, ಬಸ್ಸಲ್ಲಿ. ಹನ್ನೊಂದೂ ನಲವತ್ತು. ಒಬ್ಬ ಹತ್ತಿದ. ಸೀಟು ಖಾಲಿ ಇದೆ ಅಂತ ನನ್ನ ಮೇಲೇ ಕೂತುಬಿಟ್ಟ. ಕೂಗಿದೆ. ಬಸ್ಸಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ."

"ಏಳು ವರ್ಷ ಎಲ್ಲಿದ್ದೆ?" ಎಂದು ಇವರು ನ್ಯಾಯಾಧೀಶರ ಗತ್ತಿನಲ್ಲೇ ಕೇಳಿದ್ದರು.

"ಅದನ್ನ ಅವಳಿಗೆ ಹೇಳ್ಬೇಕು. ನಿಮಗಲ್ಲ."

ಆ ಹೊತ್ತು ಇದ್ದದ್ದು ಸಾಹೇಬರ ದಿನಚರಿಯಲ್ಲಿ ಮಾತ್ರ. ಅದು ಅವರ ಮನೆಯ ಬೀರುವಿನಲ್ಲಿತ್ತು. ಹೊರಗಿನವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಮರುದಿನ ಇಬ್ಬರೂ ಬೈಂಡರನ ಹೆಂಡತಿಯ ಹೊಲಿಗೆ ಅಂಗಡಿಗೆ ಹೋದೆವು. ಅವಳು ಮತ್ತೆ ಮದುವೆಯಾಗಿದ್ದಳು. ಗಂಡ ಒಳಗೆ ಗುಂಡಿಗಳನ್ನು ಬೇರೆ ಮಾಡುತ್ತಿದ್ದ. ಸಾಹೇಬರು ವಿಷಯ ಹೇಳುವಾಗ ಅವಳು ಹೊಲಿಗೆಯಂತ್ರದಿಂದ ಕಾಲು ತೆಗೆಯಲಿಲ್ಲ.

"ಕೋಟಿನ ತೋಳು ಹೇಗಿತ್ತು?" ಎಂದು ಮಾತ್ರ ಕೇಳಿದಳು.

"ಎಡಗಡೆದು ಹರಿದಿತ್ತು. ಹಸಿರು ದಾರದಲ್ಲಿ ಹೊಲಿದಿದ್ರು."

ಯಂತ್ರ ನಿಂತಿತು. "ಕಂದು ದಾರ ಮುಗಿದಿತ್ತು, ಸರ್," ಎಂದಳು. "ಅರ್ಜೆಂಟು ಅಂತ ಸಿಕ್ಕಿದ್ರಲ್ಲೇ ಹೊಲಿದೆ."

ಒಳಗಿನಿಂದ ಗಂಡ ಎದ್ದು ಬಂದ. "ಅರ್ಜಿ ಹಾಕು. ಅವರು ಬದುಕಿದ್ದಾರೆ ಅಂತ ಬರೆಸು. ನಾನೇನು ಅಡ್ಡ ಬರಲ್ಲ," ಎಂದ.

ಅವಳು ಹಾಕಿದ ಅರ್ಜಿ ತಮ್ಮದೇ ತೀರ್ಪಿನ ವಿಷಯವಾದ್ದರಿಂದ ಸಾಹೇಬರು ಅದನ್ನು ಕಿರಿಯ ನ್ಯಾಯಾಧೀಶರಿಗೆ ಒಪ್ಪಿಸಿ, ತಾವು ಸಾಕ್ಷಿಗಳ ಬೆಂಚಿನಲ್ಲಿ ಕೂತರು. "ರೀ, ಜನ ನಿಮಗೆ ತಲೆ ಕೆಟ್ಟಿದೆ ಅಂತಾರೆ," ಎಂದು ಅವರ ಮನೆಯವರು ಅತ್ತರಂತೆ. ಆ ಕೋರ್ಟಿನ ಬೆರಳಚ್ಚುಗಾರ ರಜೆಯಲ್ಲಿದ್ದ. ಹೇಳಿಕೆ ಬರೆದುಕೊಳ್ಳಲು ನನ್ನನ್ನೇ ಕೂರಿಸಿದರು.

ಜವಾನ ಬೈಂಡರನ ಹೆಸರು ಕೂಗಿದ. ಸಾಹೇಬರು ಥಟ್ಟನೆ ಬಾಗಿಲ ಕಡೆ ತಿರುಗಿದರು. ಎರಡನೆಯ ಕೂಗಿಗೆ ಬೆಂಚಿನ ಅಂಚಿಗೆ ಸರಿದರು. ಮೂರನೆಯದಕ್ಕೆ ಎದ್ದೇ ನಿಂತರು.

"ಇದ್ದೀನಿ ಅಂತಿದ್ದಾನಲ್ಲ! ಕೇಳಿಸ್ತಿಲ್ವಾ ನಿಮಗೆ?"

ನಮಗೆ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.

ಕಟಕಟೆಯಲ್ಲಿ ಪ್ರಮಾಣ ಮಾಡಿ ಅವರು ಹೇಳಿದ್ದು ಒಂದೇ ಮಾತು: "ಇವನು ಬದುಕಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ."

"ಬೇರೆ ಯಾರಾದ್ರೂ ಕಂಡಿದ್ದಾರಾ, ಸರ್?" ಕಿರಿಯ ನ್ಯಾಯಾಧೀಶರು ಕೇಳಿದರು.

"ಇಲ್ಲ."

"ನೀವು ನನ್ನ ಜಾಗದಲ್ಲಿ ಇದ್ದಿದ್ರೆ?"

ಸಾಹೇಬರು ನಕ್ಕರು. "ವಜಾ ಮಾಡ್ತಿದ್ದೆ. ನೀವೂ ಮಾಡಿ."

ಅರ್ಜಿ ವಜಾ ಆಯಿತು. ಆ ಹೆಂಗಸು ಎದ್ದು, ವರಾಂಡದ ಖಾಲಿ ಗೋಡೆಯ ಕಡೆ ನೋಡಿ, "ಬನ್ನಿ, ಹೋಗೋಣ," ಎಂದಳು. ಮೆಟ್ಟಿಲ ಅರ್ಧವನ್ನು ಬಿಟ್ಟು ಒಂದು ಬದಿಗೇ ಇಳಿದಳು. ಕೆಳಗೆ ಕಾಯುತ್ತಿದ್ದ ಗಂಡ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ. ಅವನಿಗೆ ಏನು ಕಂಡಿತೋ ನಾನು ಕೇಳಲಿಲ್ಲ. ಮುಂದಿನ ಮಂಗಳವಾರದಿಂದ ಸಾಹೇಬರ ಕೋಣೆಗೆ ಯಾರೂ ಬರಲಿಲ್ಲ.

ಮೇಲಿನ ಕೋರ್ಟಿನ ಮಾತು ಅಲ್ಲಿಗೇ ನಿಂತುಹೋಯಿತು. ಅವರು ಅದಕ್ಕೆ ಕೊರಗಿದ್ದನ್ನು ನಾನು ಕಂಡಿಲ್ಲ. ಉಳಿದ ಎರಡು ವರ್ಷ, ಕಾಣೆಯಾದವರ ಅರ್ಜಿ ಬಂದರೆ ಜವಾನನನ್ನು ಕೂರಿಸಿ ತಾವೇ ವರಾಂಡಕ್ಕೆ ಹೋಗಿ ಹೆಸರು ಕೂಗುತ್ತಿದ್ದರು. ಕಣ್ಣು ಮುಚ್ಚಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಸಾಮಾನ್ಯವಾಗಿ ಒಳಗೆ ಬಂದು ಸಹಿ ಹಾಕುತ್ತಿದ್ದರು. ಒಂದು ಸಲ ಮಾತ್ರ, ಒಬ್ಬ ನರ್ಸಿನ ಹೆಸರು ಕೂಗಿ ಬಂದವರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

"ಇವತ್ತು ಬೇಡಮ್ಮ," ಎಂದರು. "ಅವಳಿನ್ನೂ ದಾರೀಲಿದ್ದಾಳೆ."

ಆ ಅರ್ಜಿಯನ್ನು ಮುಂದೂಡುತ್ತಲೇ ಹೋದರು. ಅವರು ನಿವೃತ್ತರಾದ ಮೇಲೆ ಬಂದ ನ್ಯಾಯಾಧೀಶರು ಮೊದಲ ವಾರವೇ ಅದನ್ನು ಮುಗಿಸಿದರು. ಅವಳು ಸತ್ತಳೆಂಬ ಆ ತೀರ್ಪನ್ನು ಬೆರಳಚ್ಚು ಮಾಡಿದವಳು ನಾನೇ.