ನಿನ್ನದೊಂದು, ನನ್ನದೊಂದು

ನರ್ಸಮ್ಮನ ಬಲಗೈಯ ತೋರುಬೆರಳಿನ ಮೇಲೆ ಹಲ್ಲಿನ ಗುರುತಿತ್ತು. ಮೇಲೆ ಮೂರು, ಕೆಳಗೆ ಎರಡು. ಪುಟ್ಟ ಮಗುವಿನ ಹಲ್ಲುಗಳು. ಗಾಯ ಮಾಯ್ದು ಎಷ್ಟೋ ವರ್ಷವಾಗಿದ್ದರೂ ಐದು ಕಲೆ ಬೆಳ್ಳಗೆ ಉಳಿದುಕೊಂಡಿದ್ದವು. ಮಾತಾಡುವಾಗ ಅವರು ಆ ಬೆರಳನ್ನೇ ಎತ್ತಿ ಆಡಿಸುತ್ತಿದ್ದರಿಂದ ಯಾರ ಕಣ್ಣಿಗೂ ಅದು ಬೀಳದೆ ಇರುತ್ತಿರಲಿಲ್ಲ. ಕೇಳಿದವರಿಗೆ "ಒಂದು ಕೂಸು ಕೊಟ್ಟ ಸರ್ಟಿಫಿಕೇಟು" ಎಂದಷ್ಟೇ ಹೇಳಿ ನಗುತ್ತಿದ್ದರು.

ಸೊರಬ ತಾಲ್ಲೂಕಿನ ಹಳ್ಳಿಗಳಲ್ಲಿ ನರ್ಸಾಗಿ ಕಾಲುದಾರಿ ತುಳಿದು ನಿವೃತ್ತರಾದ ಮೇಲೆ ಅವರು ಶಿಕಾರಿಪುರದ ನಮ್ಮ ಕೇರಿಗೆ, ತಮ್ಮನ ಮನೆಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ವಾಚನ್ನು ಮಣಿಕಟ್ಟಿನ ಒಳಮುಖಕ್ಕೆ ಕಟ್ಟುತ್ತಿದ್ದರು. ನಾಡಿ ಹಿಡಿದು ಎಣಿಸಿದ ಕಾಲದ ರೂಢಿ. ಹಾಲಿಗೆ ಹೋಗುವಾಗಲೂ ಹೊತ್ತು ಮೀರಿದವರ ಹಾಗೆ ಸರಸರ ನಡೆಯುತ್ತಿದ್ದರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಎರಡೇ ಬಾಗಿಲು. ಆದರೂ ಎರಡು ವರ್ಷ ನಮ್ಮದು "ಆರಾಮಾ ರೀ, ಆರಾಮ್ರೀ" ಅನ್ನುವಷ್ಟೇ ಪರಿಚಯ.

ಪರಿಚಯ ಗಟ್ಟಿಯಾದದ್ದು ಅವರು ನನ್ನನ್ನು ಬೈದ ದಿನ.

ನನ್ನ ಮಗಳಿಗೆ ಆಗ ಎಂಟು ವರ್ಷ. ಹಿಂದಿನ ವರ್ಷ ಅವಳಿಗೆ ಫಿಟ್ಸ್ ಶುರುವಾಗಿತ್ತು. ಶಿವಮೊಗ್ಗದ ಡಾಕ್ಟರು ಮಾತ್ರೆ ಬರೆದು, "ಮೂರು ವರ್ಷ, ಒಂದು ದಿನವೂ ತಪ್ಪಬಾರದು. ಪುಡಿ ಮಾಡಬೇಡಿ, ಇಡಿಯಾಗಿ ನುಂಗಬೇಕು" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಹೇಳುವುದೇನೋ ಸುಲಭ. ಅವಳಿಗೆ ಮಾತ್ರೆ ಕಂಡರೇ ವಾಕರಿಕೆ. ಬಾಳೆಹಣ್ಣಿನಲ್ಲಿ ಹುದುಗಿಸಿದೆವು, ಹಣ್ಣು ತಿಂದು ಮಾತ್ರೆ ಉಗಿದಳು. ಬೆಲ್ಲದಲ್ಲಿಟ್ಟೆವು, ಉಪ್ಪಿಟ್ಟಿನಲ್ಲಿ ಮುಚ್ಚಿದೆವು. ಕೊನೆಗೆ ಅವಳು ಬಾಳೆಹಣ್ಣನ್ನೇ ಬಿಟ್ಟಳು, ಉಪ್ಪಿಟ್ಟನ್ನು ಬೆರಳಲ್ಲಿ ಕೆದಕಿ ನೋಡದೆ ಬಾಯಿಗಿಡುತ್ತಿರಲಿಲ್ಲ. ಎಂಟು ವರ್ಷದ ಮಗು ಸ್ವಂತ ಅಪ್ಪ ಅಮ್ಮ ಬಡಿಸಿದ ತಟ್ಟೆಯನ್ನು ಅನುಮಾನದಿಂದ ನೋಡುವುದನ್ನು ದಿನಾ ಕಾಣುತ್ತಿದ್ದೆವು. ಒಂದು ದಿನ ಶಾಲೆಯಲ್ಲಿ, ಪ್ರಾರ್ಥನೆಯ ಸಾಲಿನಲ್ಲಿ ನಿಂತವಳು ಬಿದ್ದು ಹಣೆ ಒಡೆದುಕೊಂಡಳು. ಮನೆಗೆ ಬಂದು ಹುಡುಕಿದರೆ ಫ್ರಿಜ್ಜಿನ ಹಿಂದೆ ನಾಲ್ಕು ಮಾತ್ರೆ.

ನನ್ನದೋ ಮೂಗಿನ ತುದಿಯ ಸಿಟ್ಟು. ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟವನು. ಸುಟ್ಟ ಕಾಯಿಲಿನ ತಂತಿಯನ್ನು ತಾಳ್ಮೆಯಿಂದ ಬಿಚ್ಚುವ ಕೈಗೆ ಮಗಳ ಬಾಯಿಯ ಮುಂದೆ ತಾಳ್ಮೆ ಇರಲಿಲ್ಲ. ಮಾರನೆಯ ಬೆಳಿಗ್ಗೆ ಅವಳ ಮೂಗು ಹಿಡಿದು, ನಮ್ಮ ಕಡೆ ಎಲ್ಲರೂ ಮಕ್ಕಳಿಗೆ ಹೇಳುವ ಮಾತನ್ನೇ ಹೇಳಿದೆ: "ನುಂಗ್ತೀಯೋ ಇಲ್ಲೋ? ನರ್ಸಮ್ಮನ್ನ ಕರೀತೀನಿ ನೋಡು, ಬಂದು ಸೂಜಿ ಚುಚ್ತಾರೆ."

ನರ್ಸಮ್ಮ ಹಾಲು ಹಿಡಿದು ಬಾಗಿಲ ಮುಂದೆಯೇ ಹೋಗುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ನಡುಮನೆಗೆ ಬಂದರು.

"ಎಂಥ ಹೇಳಿದ್ರಿ ನೀವು ಈಗ?"

ನಾನು ಹಲ್ಲು ಕಿರಿದು, "ಸುಮ್ನೆ ಹೆದ್ರಿಸಕ್ಕೆ ರೀ" ಎಂದೆ.

"ಮೂಗು ಬಿಡ್ರಿ ಮೊದ್ಲು. ಉಸಿರಿನ ದಾರಿಗೆ ಹೋದ್ರೆ ಗೊತ್ತಾಗ್ತದೆ ನಿಮಗೆ. ನನ್ನ ಗುಮ್ಮ ಮಾಡ್ತೀರಾ? ನಿಮಗೇನು ಬುದ್ಧಿಗಿದ್ಧಿ ಉಂಟಾ?"

ಯಾರೊಂದಿಗೂ ದನಿ ಎತ್ತದ ಹೆಂಗಸು. ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿದರು. ನನ್ನ ಮನೆಯಲ್ಲೇ ನಿಂತು, ಹೆಂಡತಿ ಮಗಳ ಮುಂದೆ ನನಗೆ ಹಾಗೆ ಅಂದವರು ಅದುವರೆಗೆ ಯಾರೂ ಇರಲಿಲ್ಲ. ಮಗಳ ಮೂಗು ಬಿಟ್ಟೆ.

ಅವರು ನೆಲದ ಮೇಲೆ ಮಗಳ ಎದುರಿಗೆ ಕೂತರು. "ಕೂಸೇ, ಇದು ಕಹಿ. ಗಂಟಲಲ್ಲಿ ಸಿಕ್ಕಿದ ಹಂಗಾಗ್ತದೆ. ಅದು ಸುಳ್ಳಲ್ಲ. ಆದ್ರೆ ನುಂಗಕ್ಕೆ ಕಲೀಬಹುದು. ನಿನ್ನ ಅಪ್ಪನ ಹಂಗೆ ನಾನು ಬಲವಂತ ಮಾಡಲ್ಲ" ಎಂದರು. ಆ ದಿನ ಅವರು ಅವಳಿಗೆ ಮಾತ್ರೆಯನ್ನು ಹೇಗೆ ಕೊಟ್ಟರೋ, ಮುಕ್ಕಾಲು ಗಂಟೆ ಹಿಡಿಯಿತು. ನನ್ನನ್ನು ಹೊರಗೆ ಕಳಿಸಿದ್ದರು.

ಮರುದಿನದಿಂದ ನಮ್ಮ ಜಗಲಿಯಲ್ಲಿ ಪಾಠ ಶುರುವಾಯಿತು. ಮೊದಲು ನೆನೆಸಿದ ಸಾಬಕ್ಕಿಯ ಒಂದು ಕಾಳು, ಒಂದು ಗುಟುಕು ನೀರು. ಆಮೇಲೆ ಅನ್ನದ ಅಗುಳು. ಆಮೇಲೆ ದಾಳಿಂಬೆ ಬೀಜ. "ಕೋಳಿ ನೀರು ಕುಡಿದ ಹಂಗೆ ತಲೆ ಮೇಲೆತ್ತಬೇಡ. ಕತ್ತು ನೆಟ್ಟಗಿಡು, ನಿಧಾನ." ಹದಿನೈದು ದಿನದಲ್ಲಿ ಮಗಳು ಮಾತ್ರೆಯನ್ನು ತಾನೇ ತೆಗೆದು ನಾಲಿಗೆಯ ಮೇಲಿಟ್ಟುಕೊಳ್ಳುವುದನ್ನು ನೋಡಿ ನನ್ನ ಕಣ್ಣನ್ನೇ ನಾನು ನಂಬಲಿಲ್ಲ.

ಅಷ್ಟಾದ ಮೇಲೂ ನರ್ಸಮ್ಮ ಬರುವುದನ್ನು ಬಿಡಲಿಲ್ಲ. ದಿನಾ ಏಳೂವರೆಗೆ ಬಂದು ಜಗಲಿಯಲ್ಲಿ ಕೂರುವರು. ಸೆರಗಿನ ಗಂಟಿನಿಂದ ತಮ್ಮ ಬಿಪಿ ಮಾತ್ರೆ ತೆಗೆಯುವರು. "ನಂದೂ ಪುಡಿ ಮಾಡಬಾರದ ಜಾತಿದೇ ಕೂಸೇ. ತಗಾ, ನಿನ್ನದೊಂದು, ನನ್ನದೊಂದು." ಇಬ್ಬರೂ ಒಟ್ಟಿಗೆ ಬಾಯಿಗೆ ಹಾಕುವರು. ಮಗಳದು ಗುಳುಕ್ಕನೆ ಇಳಿಯುತ್ತಿತ್ತು. ನರ್ಸಮ್ಮ ಕೆಮ್ಮುವರು, ಕಣ್ಣಲ್ಲಿ ನೀರು ತುಂಬಿಕೊಳ್ಳುವರು, ಎರಡೆರಡು ಲೋಟ ನೀರು ಕುಡಿಯುವರು. ಮಗಳು ಅವರ ಬೆನ್ನು ಸವರುತ್ತಾ, "ನಿಧಾನ ನರ್ಸಜ್ಜಿ, ಕತ್ತು ನೆಟ್ಟಗೆ" ಎನ್ನುವಳು. "ಬಾಯಿ ತೆಗೀರಿ, ನೋಡ್ತೀನಿ. ನಾಲಿಗೆ ಎತ್ತಿ" ಎಂದು ತಪಾಸಣೆ ಬೇರೆ. ಮಗುವಿಗೆ ಧೈರ್ಯ ಬರಲಿ ಅಂತ ಎಂಥ ನಟನೆ ಮಾಡ್ತಾರಪ್ಪ ಎಂದು ನಾನು ಒಳಗೇ ತಲೆದೂಗುತ್ತಿದ್ದೆ.

ಒಮ್ಮೆ ಆ ಬೆರಳಿನ ಕಥೆ ಕೇಳಿದೆ. ಮಗಳು ಶಾಲೆಗೆ ಹೋಗಿದ್ದಳು. ಅವರು ಈ ಸಲ ನಗಲಿಲ್ಲ.

"ಚಂದ್ರಗುತ್ತಿ ಕಡೆ ಒಂದು ಹಳ್ಳಿ ತಮ್ಮಾ. ನಂಗೆ ಹೊಸ ಕೆಲ್ಸ. ಐದು ವರ್ಷದ ಕೂಸು, ಔಷಧ ಕುಡೀಲಿಲ್ಲ. ಅದರ ಅಪ್ಪ ಕೈಕಾಲು ಹಿಡ್ಕಂಡ, ನಾನು ಬಾಯಿಗೆ ಬೆರಳು ಹಾಕಿ ಹೊಯ್ದೆ. ಕಚ್ಚಿಬಿಡ್ತು. ಅದು ಹೋಗ್ಲಿ. ಆಮೇಲೆ ಆ ಮನೇಲಿ ಅನ್ನ ಉಂಬಕ್ಕೂ ನಾನೇ ಗುಮ್ಮ, ಮಲಗಕ್ಕೂ ನಾನೇ ಗುಮ್ಮ. ನರ್ಸಮ್ಮ ಬಂದ್ಲು ನೋಡು ಅನ್ನೋದು. ಮಳೆಗಾಲದಲ್ಲಿ ಕೂಸಿಗೆ ಜ್ವರ ಬಂತು. ಹೇಳಿದ್ರೆ ನರ್ಸಮ್ಮನ್ನ ಕರೀತಾರೆ ಅಂತ ಹೇಳ್ಳೇ ಇಲ್ಲ. ಎರಡು ದಿನ ಜ್ವರ ಮುಚ್ಚಿಟ್ಟಿದೆ, ಮೂರನೇ ದಿನ ನನ್ನ ಕೊಡೆ ಕಂಡು ಹುಲ್ಲಿನ ಅಟ್ಟ ಹತ್ತಿ ಕೂತಿದೆ. ಇಳಿಸೋ ಹೊತ್ತಿಗೆ ಮಿದುಳಿಗೆ ಏರಿತ್ತು. ಜೀವ ಉಳೀತು. ಎರಡು ಕಿವಿನೂ ಹೋಯ್ತು."

ಅವರು ಬೆರಳಿನ ಕಲೆ ಸವರುತ್ತಾ ಮುಂದುವರಿಸಿದರು: "ಈಗ ಅವಳಿಗೇ ಎರಡು ಮಕ್ಕಳು. ಅವು ಅಮ್ಮಾ ಅಂದ್ರೆ ಅವಳಿಗೆ ಕೇಳಲ್ಲ. ಅದಕ್ಕೇ ಹೇಳೋದು, ಕಹಿ ಇದ್ರೆ ಕಹಿ ಅಂತ್ಲೇ ಹೇಳ್ರಿ. ಮಕ್ಕಳಿಗೆ ಸುಳ್ಳು ಹೇಳಬ್ಯಾಡ್ರಿ, ಹೆದರಿಸಬ್ಯಾಡ್ರಿ."

ಅಂದು ಅಂಗಡಿಗೆ ಹೋದರೂ ಕೆಲಸ ಓಡಲಿಲ್ಲ. ಎಂಟು ವರ್ಷದಲ್ಲಿ ಅದೆಷ್ಟು ಸಲ ನರ್ಸಮ್ಮ ಬರ್ತಾರೆ ಎಂದು ಮಗಳನ್ನು ಹೆದರಿಸಿದ್ದೆನೋ.

ಬೇಸಿಗೆ ರಜೆ ಬಂತು. ಹೆಂಡತಿಯ ತವರು ಸೊರಬ. ತಾಯಿ ಮಗಳು ಮೂರು ವಾರಕ್ಕೆಂದು ಹೊರಟರು. ಮಗಳು ಈಗ ತಾನೇ ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ನಮಗೆ ಚಿಂತೆ ಇರಲಿಲ್ಲ. ಹೊರಡುವ ಬೆಳಿಗ್ಗೆ ಅವಳು ಓಡಿಹೋಗಿ ನರ್ಸಮ್ಮನ ಕಿವಿಯಲ್ಲಿ ಏನೋ ಹೇಳಿ ಬಂದಳು. ಅವರು "ಆಯ್ತು ಆಯ್ತು" ಎಂದು ಅವಳ ಕೆನ್ನೆ ತಟ್ಟಿದರು.

ಮರುದಿನ ಏಳೂವರೆಗೆ ನರ್ಸಮ್ಮ ನಮ್ಮ ಜಗಲಿಯ ಹತ್ತಿರ ಬಂದು ನಿಂತಿದ್ದರು. ನಾನು ಬೈಕು ಒರೆಸುತ್ತಿದ್ದೆ.

"ಯಾವಾಗ ಬರ್ತದೆ ಕೂಸು?"

"ನಿನ್ನೆ ಹೋಗಿದಾಳೆ, ಇವತ್ತೇ ಕೇಳ್ತೀರಲ್ಲ" ಎಂದು ನಕ್ಕೆ. "ಅವಳು ಬರೋವರೆಗೂ ನಿಮಗೂ ರಜಾ ರೀ ನರ್ಸಮ್ಮ. ಆರಾಮಾಗಿರಿ."

ಅವರು ಸೆರಗಿನ ಗಂಟನ್ನು ಹಿಡಿದು ಸ್ವಲ್ಪ ಹೊತ್ತು ನಿಂತರು. "ಹೌದಲ್ಲ, ರಜಾ" ಎಂದು ಹೊರಟುಹೋದರು. ಆಮೇಲೂ ಎರಡು ಮೂರು ಸಲ ಅದೇ ಪ್ರಶ್ನೆ ಕೇಳಿದರು. ಮಗುವಿನ ಮೇಲೆ ಅದೆಷ್ಟು ಅಕ್ಕರೆ ಎಂದುಕೊಂಡೆ, ಅಷ್ಟೇ.

ಮೂರನೆಯ ವಾರದ ಕೊನೆಗೆ, ಇನ್ನೆರಡು ದಿನಕ್ಕೆ ಮಗಳು ಬರಬೇಕು ಅನ್ನುವಾಗ, ನರ್ಸಮ್ಮ ಬಚ್ಚಲ ಬಾಗಿಲಲ್ಲಿ ಕುಸಿದುಬಿದ್ದರು. ಬಿಪಿ ಏರಿ ಮಿದುಳಲ್ಲಿ ರಕ್ತನಾಳ ಒಡೆದಿದೆ, ಶಿವಮೊಗ್ಗಕ್ಕೆ ಒಯ್ಯಿರಿ ಎಂದರು ನಮ್ಮೂರ ಆಸ್ಪತ್ರೆಯಲ್ಲಿ. ಶಿವಮೊಗ್ಗದ ದಾರಿ ಅರ್ಧ ಮುಗಿಯುವುದರೊಳಗೆ ಹೋಗಿಬಿಟ್ಟರು. ನಾನು ಆಂಬುಲೆನ್ಸಿನ ಹಿಂದೆಯೇ ಬೈಕಿನಲ್ಲಿದ್ದೆ. ಅದು ನಿಧಾನವಾಗಿ ರಸ್ತೆ ಬದಿಗೆ ನಿಂತಾಗಲೂ ನನಗೆ ತಿಳಿಯಲಿಲ್ಲ. ಪಂಕ್ಚರ್ ಇರಬೇಕು ಎಂದುಕೊಂಡೆ.

ಮಣ್ಣು ಮಾಡಿ ಬಂದ ಸಂಜೆ ಅವರ ತಮ್ಮನ ಹೆಂಡತಿ ನನ್ನನ್ನು ಒಳಗೆ ಕರೆದರು. ಅಡುಗೆಮನೆಯ ಸಾಬಕ್ಕಿ ಡಬ್ಬಿ ತೆಗೆದು ತೋರಿಸಿದರು. ಅದರೊಳಗೆ ಹಳೆಯ ಕ್ಯಾಲೆಂಡರಿನ ಹಾಳೆಯ ಒಂದು ಪೊಟ್ಟಣ. ಪೊಟ್ಟಣದ ತುಂಬ ಮಾತ್ರೆಗಳು. ಹೊಸವಲ್ಲ. ಅಂಚು ಕರಗಿದ, ಬಣ್ಣ ಬಿಟ್ಟ, ಉಗಿದು ಒಣಗಿಸಿದ ಮಾತ್ರೆಗಳು.

"ಅಕ್ಕ ದಿನಾ ಮಾತ್ರೆ ತಗಂಡೆ ಅಂತ್ಲೇ ಹೇಳೋರು ರೀ. ಇದೇನ್ರೀ ಇದು?" ಎಂದು ಆಕೆ ಅತ್ತರು. ನಾನು ಮಾತ್ರೆಗಳನ್ನು ಮತ್ತೆ ಹಾಳೆಯಲ್ಲಿ ಸುತ್ತಿಟ್ಟೆ. ಅವನ್ನು ಎಣಿಸಲಿಲ್ಲ.

ಮಗಳಿಗೆ ವಿಷಯ ಮುಚ್ಚಿಡುವುದೇ ಎಂದು ಹೆಂಡತಿ ಫೋನಿನಲ್ಲಿ ಕೇಳಿದಳು. ಬೇಡ, ಹೇಳು ಎಂದೆ. ಮರುದಿನ ಬಂದ ಮಗಳು ಅಳಲಿಲ್ಲ. ಜಗಲಿಯಲ್ಲಿ ಅವರು ಕೂರುತ್ತಿದ್ದ ಜಾಗ ಬಿಟ್ಟು ಪಕ್ಕದಲ್ಲಿ ಕೂತಳು. ನಾನು ಪೊಟ್ಟಣದ ಸಂಗತಿ ಹೇಳಿದೆ.

"ಅವರಿಗೂ ಗಂಟಲಲ್ಲಿ ಸಿಗ್ತಿತ್ತು ಅಪ್ಪ" ಎಂದಳು. "ಒಬ್ರೇ ಇದ್ರೆ ಇಳಿಯಲ್ವಂತೆ. ಯಾರಿಗೂ ಹೇಳ್ಬೇಡ ಅಂದಿದ್ರು. ನರ್ಸಿಗೆ ಮಾತ್ರೆ ನುಂಗಕ್ಕೆ ಬರಲ್ಲ ಅಂದ್ರೆ ಊರು ನಗ್ತದೆ ಅಂತ. ನಾನು ಹೋಗ್ವಾಗ, ಕತ್ತು ನೆಟ್ಟಗಿಟ್ಕಳ್ಳಿ ಅಂತ ಹೇಳಿ ಹೋಗಿದ್ದೆ."

ನಟನೆ ಎಂದುಕೊಂಡಿದ್ದೆನಲ್ಲ, ಆ ಕೆಮ್ಮು, ಆ ಕಣ್ಣೀರು. ನನ್ನ ಮಗಳಿಗೆ ಅವರು ಕಲಿಸುತ್ತಿದ್ದಾರೆಂದು ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ನೋಡಿದವನಿಗೆ, ನನ್ನ ಮಗಳು ಅವರನ್ನು ಉಳಿಸುತ್ತಿದ್ದದ್ದು ಕಂಡಿರಲಿಲ್ಲ. ಸೆರಗಿನ ಗಂಟು ಹಿಡಿದು ನನ್ನ ಮುಂದೆ ನಿಂತಿದ್ದರು. ನಾನು ಬೈಕು ಒರೆಸುತ್ತಿದ್ದೆ.

"ಅಪ್ಪ, ನಾವು ಸೊರಬಕ್ಕೆ ಹೋಗಬಾರದಿತ್ತಾ?"

ಛೇ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾವ ಅಪ್ಪನೂ ಅದನ್ನೇ ಹೇಳುತ್ತಿದ್ದ. ಆದರೆ ಮಕ್ಕಳಿಗೆ ಸುಳ್ಳು ಹೇಳಬ್ಯಾಡ್ರಿ ಎಂದವರು ಕೂರುತ್ತಿದ್ದ ಜಾಗ ನಮ್ಮಿಬ್ಬರ ನಡುವೆ ಖಾಲಿ ಇತ್ತು.

"ನೀನು ಹೋಗಿದ್ದು ತಪ್ಪಲ್ಲ ಮಗಳೇ" ಎಂದೆ. "ನೀನಿಲ್ಲದಾಗ ಅವರ ಜೊತೆ ಕೂರಬೇಕಾದವನು ನಾನು. ಕೂಸು ಯಾವಾಗ ಬರ್ತದೆ ಅಂತ ಬಂದು ಕೇಳಿದ್ರು. ನಾನು ರಜಾ ಅಂತ ಹೇಳಿ ಕಳಿಸಿಬಿಟ್ಟೆ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ರಾತ್ರಿ ಅಮ್ಮನ ಪಕ್ಕ ಮಲಗಿ ಬಹಳ ಅತ್ತಳಂತೆ.

ಬೆಳಿಗ್ಗೆ ಏಳೂವರೆಗೆ ಜಗಲಿಯಿಂದ ಕರೆದಳು. ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡು ಕೂತಿದ್ದಳು.

"ಅಪ್ಪ, ನಿಂದೆಲ್ಲಿ?"

ನನಗೆ ಯಾವ ಕಾಯಿಲೆಯೂ ಇಲ್ಲ, ಮಾತ್ರೆಯೂ ಇಲ್ಲ. ಒಳಗೆ ಹೋಗಿ ಒಂದು ದಾಳಿಂಬೆ ಬೀಜ ತಂದು ಅವಳ ಪಕ್ಕ ಕೂತೆ. ಇಬ್ಬರೂ ಒಟ್ಟಿಗೆ ಬಾಯಿಗೆ ಹಾಕಿಕೊಂಡೆವು. ಅವಳದು ಗುಳುಕ್ಕನೆ ಇಳಿಯಿತು. ನನ್ನದು ಇಳಿಯಲಿಲ್ಲ. ಕೆಮ್ಮು ಬಂತು, ಕಣ್ಣಲ್ಲಿ ನೀರು ತುಂಬಿತು.

ಮಗಳು ನನ್ನ ಬೆನ್ನು ಸವರಿದಳು. "ನಿಧಾನ ಅಪ್ಪ. ಕತ್ತು ನೆಟ್ಟಗಿಡು."