ಮೇಡಂ ಹುಡುಕಿದ ಕಳ್ಳಿ

ಮೊಮ್ಮಗನಿಗೆ ನಿನ್ನೆ ಹೆಸರಿಟ್ಟೆವು. ಅಂಗಾರ! ನನ್ನ ಅಜ್ಜನ ಹೆಸರು. ಮಂಗಳವಾರ ಹುಟ್ಟಿದ ಗಂಡಿಗೆ ನಮ್ಮ ತುಳುನಾಡಿನ ಹಿಂದಿನವರು ಇಡುತ್ತಿದ್ದ ಹೆಸರು ಅದು. ಈ ಪುಟ್ಟನೂ ಮಂಗಳವಾರವೇ ಹುಟ್ಟಿದ್ದು ನೋಡಿ! ಪಾಸ್‌ಪೋರ್ಟಿಗೂ ಇದೇ ಇರಲಿ ಅಂತ ಸೊಸೆಯೇ ಹೇಳಿದಳು. ತೊಟ್ಟಿಲಿಗೆ ಬಗ್ಗಿ ಅವನ ಕಿವಿಯಲ್ಲಿ ಆ ಹೆಸರು ಹೇಳಿದೆ. ಈ ವಯಸ್ಸಿನವರೆಗೆ ನಾನು ಆ ಹೆಸರನ್ನು ಗಟ್ಟಿಯಾಗಿ ಹೇಳಿದವಳಲ್ಲ. ಹೇಳುವ ಹಾಗೆ ಮಾಡಿದವರು ಮೇಲಿನ ಮನೆಯ ಮೇಡಂ. ಅವರ ಸುದ್ದಿ ಬಿಟ್ಟು ಈ ಸಂತೋಷವನ್ನು ಮಾತ್ರ ಬರೆದರೆ ಅದು ಅರ್ಧ ಸಂತೋಷ.

ಮೇಡಂ ಅಂದರೆ ನನಗೆ ಮೊದಲು ಕಾಣುವುದು ಅವರ ಕೈಗಳು. ಬೆಳ್ಳಗಿನ ಕೈಯ ತುಂಬ ಕಂದು ಚುಕ್ಕೆ, ಹುರಿದ ಎಳ್ಳು ಚೆಲ್ಲಿದ ಹಾಗೆ. ದುಬೈಯ ಊದ್ ಮೇಥಾದಲ್ಲಿರುವ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಮೊದಲ ಸಲ ನೋಡಿದಾಗ ಎಂತದೋ ಕಾಯಿಲೆ ಅಂತ ನಾನು ಮೂಲೆಗೆ ಸರಿದೆ. ಅವರಿಗೆ ತಿಳಿಯಿತು. ಕೈ ಮುಂದೆ ಚಾಚಿ, "ಡರೋ ಮತ್. ಯೇ ಐರ್ಲೆಂಡ್ ಕಾ ಮಾಲ್ ಹೈ" ಅಂದು ನಕ್ಕರು.

ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ, ಹಿರಿಯರು ಐರ್ಲೆಂಡಿನವರು. ದುಬೈಯ ಒಂದು ಆಸ್ಪತ್ರೆಯಲ್ಲಿ ನರ್ಸ್. ವಾರ್ಡಿನಲ್ಲಿ ಕಲಿತ ಹಿಂದಿ ಅವರದು, ಮುಂಬಯಿಯ ಚಾಳಿನಲ್ಲಿ ಕಲಿತದ್ದು ನನ್ನದು. ಇಬ್ಬರದೂ ಕೆಟ್ಟ ಹಿಂದಿ, ಹಾಗಾಗಿ ಒಬ್ಬರಿಗೊಬ್ಬರು ನಾಚಬೇಕಾಗಿ ಬರಲಿಲ್ಲ. ಮಗ ಬೆಳಿಗ್ಗೆಯೇ ಕೆಲಸಕ್ಕೆ ಜೆಬೆಲ್ ಅಲಿಯ ಬಸ್ಸು ಹತ್ತಿದರೆ, ಸೊಸೆ ಆಫೀಸಿಗೆ. ನಾನು ಒಬ್ಬಳೇ. ಮೇಡಂ ಡ್ಯೂಟಿ ಮುಗಿಸಿ ಬಂದು ಬೆಲ್ ಒತ್ತುತ್ತಿದ್ದರು. ನೀರುದೋಸೆಯನ್ನೂ ಸ್ಪೂನಿನಲ್ಲೇ ತಿನ್ನುವ ಹೆಂಗಸು. "ಕೈಯಲ್ಲಿ ತಿನ್ನಿ ಮಾರಾಯ್ರೆ" ಅಂದರೆ "ಮಾಫಿ, ಮಾಫಿ" ಅಂತ, ಅರಬಿಯಲ್ಲಿ ಇಲ್ಲ ಇಲ್ಲ ಅಂತ, ತಲೆಯಾಡಿಸುವರು. ತಟ್ಟೆ ಖಾಲಿಯಾದ ಮೇಲೆ ಸ್ಪೂನಿನಿಂದ ಟಣ್ ಅಂತ ಬಡಿದು "ಖಲಾಸ್!"

ಅವರಿಗೊಂದು ಹುಚ್ಚಿತ್ತು. ಅವರ ಅಜ್ಜಿಯ ಅಜ್ಜಿ ಐರ್ಲೆಂಡಿನಲ್ಲಿ ಕುರಿ ಕದ್ದು ಸಿಕ್ಕಿಬಿದ್ದವಳಂತೆ. ಆ ಕಾಲದಲ್ಲಿ ಅಂಥವರನ್ನು ಹಡಗಿಗೆ ತುಂಬಿ ಆಸ್ಟ್ರೇಲಿಯಕ್ಕೆ ಸಾಗಿಸುತ್ತಿದ್ದರಂತೆ. ತಿರುಗಿ ಊರಿಗೆ ಬರುವ ಮಾತಿಲ್ಲ. ಮನೆಯವರು ಮಾನಕ್ಕೆ ಹೆದರಿ ಅವಳ ಹೆಸರೆತ್ತುವುದನ್ನೇ ಬಿಟ್ಟರು. ಎತ್ತದೆ ಎತ್ತದೆ ಹೆಸರೇ ಕಳೆದುಹೋಯಿತು. ಆ ಹೆಸರನ್ನು ಹುಡುಕಲು ಮೇಡಂ ಪ್ರತಿ ರಜೆಯಲ್ಲಿ ಐರ್ಲೆಂಡಿಗೆ ಹೋಗುವುದು, ಚರ್ಚು ಚರ್ಚು ತಿರುಗುವುದು, ಹಳ್ಳಿಯ ಮುದುಕರ ಹತ್ತಿರ ಕೂತು ಕೇಳುವುದು. ಮೂಗು ಕೆಂಪು ಮಾಡಿಕೊಂಡು ಬಂದು "ಈ ಸಲವೂ ಮಾಫಿ" ಅನ್ನುವುದು.

ಒಂದು ಸಲ ಏರ್‌ಪೋರ್ಟಿನಿಂದ ಪೆಟ್ಟಿಗೆ ಸಮೇತ ನೇರ ನಮ್ಮ ಬಾಗಿಲಿಗೇ ಬಂದರು. "ಸಿಕ್ಕಿದಳು! ನನ್ನ ಕಳ್ಳಿ ಸಿಕ್ಕಿದಳು!" ಅಂತ ಆ ಕೆಟ್ಟ ಹಿಂದಿಯಲ್ಲಿ ಕೂಗು. ವಾಚ್‌ಮನ್‌ಗೆ ಹೇಳಿಯಾಗಿತ್ತು. ಎದುರು ಫ್ಲಾಟಿನವರು ಬಾಗಿಲು ತೆರೆದು ನೋಡುತ್ತಿದ್ದರು. ನಾನು ಅವರ ಕೈ ಹಿಡಿದು ಒಳಗೆ ಎಳೆದು ಚಿಲಕ ಹಾಕಿದೆ.

"ಮೆಲ್ಲ ಮಾತಾಡಿ! ಹೊರಗಿನವರಿಗೆ ಕೇಳ್ತದೆ."

"ಕೇಳಲಿ ಅಂತಲೇ ಕೂಗಿದ್ದು!"

ಮರುದಿನ ಕೇಕ್ ಮಾಡಿ ಇಡೀ ಬಿಲ್ಡಿಂಗಿಗೆ ಹಂಚಿದರು. ವಂಶದಲ್ಲಿ ಕಳ್ಳಿ ಇದ್ದಳು ಅಂತ ಸಿಹಿ ಹಂಚುವವರನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ಕೂತು ನಾನು ಕೇಕ್ ಬಾಯಿಗಿಡುತ್ತಿದ್ದೆ. ಅದೇ ಹೊತ್ತಿಗೆ ಅವರು ಕೇಳಿದರು, "ನಿಮ್ಮ ಮನೆಯಲ್ಲಿ ಇಂಥವರು ಯಾರಾದರೂ ಇದ್ದರಾ?"

"ಹಾಲು ಒಲೆ ಮೇಲುಂಟು" ಅಂತ ನಾನು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ನನ್ನ ಅಜ್ಜ, ಅಮ್ಮನ ಅಪ್ಪ, ತಾಳೆಮರದಿಂದ ಶೇಂದಿ ಇಳಿಸುವವರು. ಗಡಿಯ ಒಂದು ಮರ ಯಾರದ್ದು ಅಂತ ಜಗಳವಾಗಿ, ಸೊಂಟದ ಕತ್ತಿಯಿಂದ ಒಬ್ಬನನ್ನು ಕಡಿದರು. ಅವನು ಸತ್ತ. ಅಜ್ಜನನ್ನು ಅಂಡಮಾನಿಗೆ, ಕರಿನೀರಿಗೆ ಕಳಿಸಿದರು. ಆಗ ಅಮ್ಮ ಇನ್ನೂ ಅಂಬೆಗಾಲಿನ ಕೂಸು. ಅಜ್ಜ ಬದುಕಿದರೋ ಸತ್ತರೋ ಸುದ್ದಿ ಬರಲಿಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ "ಕರಿನೀರಿನವನ ಪುಳ್ಳಿ", ಅಂದರೆ ಮೊಮ್ಮಗಳು, ಅಂತ ಮಕ್ಕಳು ಕೂಗಿದರು. ಮರುದಿನದಿಂದ ಶಾಲೆಗೆ ಹೋಗಲಿಲ್ಲ. ಮದುವೆಯಾಗಿ ಮುಂಬಯಿಗೆ ಹೋದ ಮೇಲೆ ಯಾರಿಗೂ ಹೇಳಲಿಲ್ಲ, ಹೆತ್ತ ಮಗನಿಗೂ.

ದೀಪಾವಳಿಗೆ, ಮನೆಯ ಶುಭಕಾರ್ಯಕ್ಕೆ, ತೀರಿಹೋದವರಿಗೆ ಒಬ್ಬೊಬ್ಬರ ಹೆಸರು ಹೇಳಿ ಎಲೆ ಹಾಕಿ ಬಡಿಸುವುದು ನಮ್ಮ ಪದ್ಧತಿ. ಬಡಿಸಿ ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗಿರಬೇಕು. ಅವರು ಉಂಡ ಮೇಲೆ ನಾವು. ಅಮ್ಮ ಎಲ್ಲರಿಗೂ ಹಾಕುತ್ತಿದ್ದಳು, ತನ್ನ ಅಪ್ಪನನ್ನು ಬಿಟ್ಟು. ನಾನೂ ಹಾಗೆಯೇ ನಡೆಸಿಕೊಂಡು ಬಂದೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಮೂಡೆ ಕಡುಬು ಹಿಡಿದುಕೊಂಡು ಮೇಡಂ ಮನೆಗೆ ಹೋದೆ. ಅವರ ಕಡೆ ಸತ್ತವರನ್ನು ನೆನೆಯುವ ದಿನವಂತೆ ಅವತ್ತು. ಮೇಜಿನ ಮೇಲೆ ಎರಡು ತಟ್ಟೆ, ಎರಡು ಸ್ಪೂನು.

"ಯಾರು ಬರ್ತಾರೆ?" ಅಂದೆ.

"ನನ್ನ ಕಳ್ಳಿ" ಅಂದರು. ಈ ಸಲ ಕೂಗಲಿಲ್ಲ. "ಕದ್ದದ್ದು ತಪ್ಪೇ. ಆದರೆ ಊಟಕ್ಕೂ ಕರೆಯಬಾರದಾ? ಅವಳ ಮಾತು ಬಂದರೆ ನನ್ನ ಅಜ್ಜಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು."

ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಅಲ್ಲಿಯೇ ಕೂತು ಎಲ್ಲ ಹೇಳಿಬಿಟ್ಟೆ. ಹೇಳಿ, "ನಿಮ್ಮದು ಕುರಿ, ಮೇಡಂ. ನನ್ನದು ಮನುಷ್ಯ" ಅಂದೆ.

ಹೋಗಲಿ ಬಿಡಿ ಅಂತ ಅವರು ಅನ್ನಲಿಲ್ಲ. ಆ ಎಳ್ಳಿನ ಕೈಯನ್ನು ನನ್ನ ಕೈಮೇಲೆ ಇಟ್ಟು "ಭಾರೀ ಹೈ", ಹೊರೆ ಬಹಳ ಭಾರ, ಅಂದರು. ನಾನು ತಂದ ಕಡುಬನ್ನು ಎರಡೂ ತಟ್ಟೆಗೆ ಬಡಿಸುತ್ತಾ, "ಹೆಸರನ್ನು ಮಾತ್ರ ಕಳೆಯಬೇಡಿ. ಆಮೇಲೆ ಅದನ್ನು ಹುಡುಕುತ್ತಾ ನನ್ನ ಹಾಗೆ ಯಾರೋ ಮುದುಕಿಯಾಗಬೇಕಾಗುತ್ತದೆ" ಅಂದರು.

ಆಸ್ಪತ್ರೆಯ ಕೆಲಸ ಮುಗಿಸಿ ಅವರು ಆಸ್ಟ್ರೇಲಿಯಕ್ಕೆ ಹೋದರು. ಹೋಗುವಾಗಲೂ ಮನೆಯವರಿಗೆ ಅಜ್ಜನ ಹೆಸರು ಹೇಳಿದಿರಾ ಅಂತ ಕಣ್ಣಲ್ಲೇ ಕೇಳಿದರು. ನಾನು ತಲೆ ತಗ್ಗಿಸಿದೆ. ಹೋದ ವರ್ಷ ತೀರಿಕೊಂಡರು ಅಂತ ಅವರ ಆಸ್ಪತ್ರೆಯ ನರ್ಸ್ ಒಬ್ಬಳು ಹೇಳಿದಳು.

ಪುಟ್ಟ ಹುಟ್ಟಿದ ವಾರ ಮಗ "ಅಮ್ಮ, ಹೆಸರು ನೀವೇ ಹೇಳಿ" ಅಂದ. ಅಂಗಾರ ಅಂದೆ. ಯಾರದ್ದು ಅಂತ ಕೇಳಿದ. ಹೇಳಿದೆ. ಅವನ ಮುಖ ಬಾಡಿತು. ಒಳಗಿನ ಕೋಣೆಯ ಕಡೆ ನೋಡಿ ಸ್ವರ ತಗ್ಗಿಸಿದ, "ಇದನ್ನು ಈಗ ಯಾಕೆ ತೆಗೆದಿರಿ? ಧಾರವಾಡದವರಿಗೆ ಗೊತ್ತಾದರೆ ಎಂತ ಹೇಳಿಯಾರು?"

ಸೊಸೆ ಧಾರವಾಡದ ಡಾಕ್ಟರ ಮಗಳು. ಮಗುವನ್ನೆತ್ತಿಕೊಂಡು ಹೊರಗೆ ಬಂದಳು. "ಧಾರವಾಡದಾಕಿ ಇಲ್ಲೇ ಅದಾಳ. ಪಿಸುಪಿಸು ಯಾಕ? ಅತ್ತಿ, ನೀವು ಹೇಳ್ರಿ. ಯಾಕ ಕಡದ್ರು?"

"ಒಂದು ತಾಳೆಮರಕ್ಕೆ."

"ಸತ್ತಾಂವ ಯಾರು?"

ಅವನ ಹೆಸರು ನನಗೆ ಗೊತ್ತಿಲ್ಲ. ಅಮ್ಮನಿಗೆ ಗೊತ್ತಿತ್ತೋ ಏನೋ, ನಾನು ಕೇಳಲೇ ಇಲ್ಲ. ನನ್ನ ಮರ್ಯಾದೆ ಹೋಯಿತು ಅಂತ ಇಡೀ ಜೀವಮಾನ ನಾಚಿದವಳು, ಜೀವ ಹೋದವನನ್ನು ಒಂದು ದಿನ ನೆನೆಯಲಿಲ್ಲ. ಅದನ್ನು ಹೇಳುವಾಗ ಸೊಸೆಯ ಮುಖ ನೋಡಲು ಆಗಲಿಲ್ಲ.

ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಆಮೇಲೆ ಅಂದಳು, "ಅಂಗಾರ ಅಂತನ ಇಡೋಣು. ಸಾಲ್ಯಾಗ ನಕ್ರ ನಗಲಿ. ಆದ್ರ ಆ ಸತ್ತಾವಗೂ ಒಂದು ಎಲಿ ಹಾಕ್ರಿ ಅತ್ತಿ. ಹಂಗಾದ್ರ ಮಾತ್ರ."

ನಿನ್ನೆ ಸಂಜೆ ಸೋಫಾ ಗೋಡೆಗೆ ಸರಿಸಿ ಹಾಲಿನಲ್ಲಿ ಎಲೆ ಹಾಕಿದೆವು. ಅಮ್ಮನಿಗೆ, ಅತ್ತೆ ಮಾವನಿಗೆ, ನನ್ನವರಿಗೆ. ಪಕ್ಕದಲ್ಲಿ ಅಜ್ಜನಿಗೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಕೋಳಿ ಸುಕ್ಕ. ಶೇಂದಿ ಇಲ್ಲಿ ಎಲ್ಲಿಂದ? ಎಳನೀರು ಇಟ್ಟೆ. "ಅಂಗಾರಜ್ಜ, ಬನ್ನಿ" ಅಂತ ಗಟ್ಟಿಯಾಗಿ ಕರೆದೆ. ಅಜ್ಜನ ಎದುರು ಆ ಸತ್ತವನಿಗೆ ಹಾಕಿದ ಎಲೆಗೆ ಅನ್ನ ಬಡಿಸುವಾಗ ಎಂತ ಹೇಳಿ ಕರೆಯುವುದು? "ಹೆಸರು ಗೊತ್ತಿಲ್ಲ, ಕ್ಷಮಿಸಬೇಕು, ನೀವೂ ಬನ್ನಿ" ಅಂದೆ. ಕೊನೆಗೆ ಒಂದು ತಟ್ಟೆ, ಅದರಲ್ಲಿ ನೀರುದೋಸೆ. ಮಗ ಅಡುಗೆಮನೆಗೆ ಹೋಗಿ ಸ್ಪೂನು ತಂದಿಟ್ಟ. ಅವನಿಗೂ ನೆನಪಿತ್ತು.

ಬಾಗಿಲು ಎಳೆದುಕೊಂಡು ಎಲ್ಲರೂ ಕಾರಿಡಾರಿನಲ್ಲಿ ನಿಂತೆವು. ವಾಚ್‌ಮನ್ ಬಂದು "ಬೀಗ ಬಿತ್ತಾ ಅಮ್ಮಾ?" ಅಂತ ಕೇಳಿದ. "ಇಲ್ಲ, ಒಳಗೆ ನೆಂಟರು ಉಣ್ತಾ ಇದ್ದಾರೆ" ಅಂದೆ.

ಆಮೇಲೆ ನಾವು ಕೂತೆವು. ಸೊಸೆ ನನ್ನ ಪಕ್ಕ, ಪುಟ್ಟ ಅಂಗಾರ ನನ್ನ ತೊಡೆಯ ಮೇಲೆ. ಎದುರಿನಲ್ಲಿ ಆ ಎರಡು ಎಲೆಗಳು. ಮೊದಲ ತುತ್ತು ಕಲಸಿಕೊಂಡು ಅವನ್ನೇ ನೋಡುತ್ತಿದ್ದೆ.

"ಅತ್ತಿ, ಸಾರು ಆರ್ತದ, ಉಣ್ರಿ" ಅಂದಳು ಸೊಸೆ.

ಉಂಡೆ.